ಗೋಡೆಯ ಮೇಲೊಂದು ಕಪಾಲ: ಸಂಗ್ರಹಯೋಗ್ಯ ಅಚ್ಚುಚಿತ್ರಗಳಲ್ಲಿ ಸಾವಿನ ಸಂಕೇತ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ - ಬೆಂಗಳೂರು ದಕ್ಷಿಣದ ಯಾವ ರಸ್ತೆಯಲ್ಲಿ ನಡೆದರೂ ಟ್ರಾನ್ಸ್‌ಫಾರ್ಮರ್ ಬೇಲಿಗೆ ತೂಗುಹಾಕಿದ ಒಂದು ಪುಟ್ಟ ತಗಡು ಕಣ್ಣಿಗೆ ಬೀಳುತ್ತದೆ. ಅಡ್ಡಲಾಗಿ ಇಟ್ಟ ಎರಡು ಎಲುಬುಗಳು, ಒಂದು ತಲೆಬುರುಡೆ, ಜೊತೆಗೆ 'ಅಪಾಯ' ಎಂಬ ಎಚ್ಚರಿಕೆ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಈ ಚಿಹ್ನೆಯನ್ನು ಕಡ್ಡಾಯಗೊಳಿಸಿದವು. ಅನಂತರ 2010ರಲ್ಲಿ ಬಂದ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಅದನ್ನೇ ಮುಂದುವರಿಸಿದವು. ನಗರವಾಸಿಯು ದಿನನಿತ್ಯ ಕಾಣುವ ಮುದ್ರಿತ ಕಪಾಲವೆಂದರೆ ಇದೇ. ಅದನ್ನು ಕಂಡು ಯಾರೂ ಬೆಚ್ಚುವುದಿಲ್ಲ. ಮಕ್ಕಳು ಅದರ ಪಕ್ಕದಲ್ಲೇ ಚೆಂಡಾಡುತ್ತಾರೆ.

ಅದೇ ಕಪಾಲವು ಒಳ್ಳೆಯ ಕಾಗದದ ಮೇಲೆ ಅಚ್ಚಾಗಿ, ಕಲಾವಿದನ ಸಹಿ ಹೊತ್ತು, ಚೌಕಟ್ಟಿನೊಳಗೆ ಕುಳಿತು ಮನೆಯ ನಡುಮನೆಗೆ ಬಂದರೆ ಮಾತ್ರ ಪ್ರಶ್ನೆಗಳು ಏಳುತ್ತವೆ. ಹಿರಿಯರು ಅಶುಭವೆನ್ನುತ್ತಾರೆ, ಕಿರಿಯರು ಕಲೆ ಎನ್ನುತ್ತಾರೆ. ಕಳೆದ ಐದು ದಶಕಗಳ ಜಾಗತಿಕ ಕಲಾ ಮಾರುಕಟ್ಟೆಯಲ್ಲಿ ಕಪಾಲದ ಅಚ್ಚುಚಿತ್ರಗಳು ಬಹಳ ಹೆಸರು ಮಾಡಿರುವುದರಿಂದಲೂ, ಅಂತರ್ಜಾಲದ ಮೂಲಕ ಅವುಗಳನ್ನು ಯಾವ ಊರಿಗಾದರೂ ತರಿಸಿಕೊಳ್ಳಬಹುದಾದ್ದರಿಂದಲೂ, ಆ ಸಂಕೇತದ ಹಿನ್ನೆಲೆಯನ್ನು ತಿಳಿಯುವುದು ಅಗತ್ಯವಾಗಿದೆ. ಎಲ್ಲ ಕಪಾಲಗಳೂ ಒಂದೇ ಮಾತನ್ನು ಹೇಳುವುದಿಲ್ಲ ಎಂಬುದು ಇಲ್ಲಿ ಮುಖ್ಯ ಸಂಗತಿ.

ಪದಗಳ ಹಿನ್ನೆಲೆ

ಕನ್ನಡದಲ್ಲಿ ಈ ವಸ್ತುವಿಗೆ ಸಂಸ್ಕೃತದಿಂದ ಬಂದ 'ಕಪಾಲ' ಎಂಬ ಹೆಸರೂ, ಆಡುಮಾತಿನ 'ತಲೆಬುರುಡೆ' ಎಂಬ ಹೆಸರೂ ಉಂಟು. ಬುರುಡೆ ಎಂದರೆ ಒಣಗಿ ಟೊಳ್ಳಾದ ಸೋರೆಕಾಯಿಯೂ ಹೌದು. ಸುಳ್ಳು ಹೇಳುವವನು 'ಬುರುಡೆ ಬಿಡುತ್ತಾನೆ'. 'ಕಪಾಳ' ಎಂದರೆ ಕನ್ನಡಿಗರಿಗೆ ಕೆನ್ನೆ. ಕೆನ್ನೆಗೆ ಬಿದ್ದ ಏಟನ್ನು ಪತ್ರಿಕೆಗಳು ತಮಾಷೆಯಾಗಿ 'ಕಪಾಳಮೋಕ್ಷ' ಎಂದು ಬರೆಯುತ್ತವೆ. ಪುರಾಣದ 'ಕಪಾಲಮೋಚನ'ವನ್ನು ನೆನಪಿಸುವ ಈ ಮಾತು ಅದರ ಗಾಂಭೀರ್ಯವನ್ನು ಮಾತ್ರ ಉಳಿಸಿಕೊಂಡಿಲ್ಲ.

ಇನ್ನೊಂದು ಪದ 'ಹಣೆಬರಹ'. ತಲೆಬುರುಡೆಯ ಮೂಳೆಗಳು ಕೂಡುವಲ್ಲಿ ಕಾಣುವ ಅಂಕುಡೊಂಕಾದ ಗೆರೆಗಳೇ ಬ್ರಹ್ಮನು ಬರೆದ ಲಿಪಿ ಎಂಬ ನಂಬಿಕೆ ನಾಡಿನಲ್ಲಿ ಇದೆ. ಎಂದರೆ ಜನಪದದ ಕಣ್ಣಿನಲ್ಲಿ ಕಪಾಲವು ಸಾವಿನ ಗುರುತಾಗುವ ಮೊದಲೇ ಬದುಕಿನ ಬರಹವನ್ನು ಹೊತ್ತ ಫಲಕ.

'ಅಚ್ಚುಚಿತ್ರ' ಎಂಬ ಪದವನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ಮರ, ತಾಮ್ರ, ಸತು, ಕಲ್ಲು ಅಥವಾ ರೇಷ್ಮೆ ಜಾಲರಿಯ ಮೇಲೆ ಕಲಾವಿದನು ಸ್ವತಃ ಅಥವಾ ತನ್ನ ಮೇಲ್ವಿಚಾರಣೆಯಲ್ಲಿ ಸಿದ್ಧಪಡಿಸಿದ ಚಿತ್ರವನ್ನು ಕಾಗದಕ್ಕೆ ಒತ್ತಿ ತೆಗೆದ ಪ್ರತಿಗೆ ಈ ಹೆಸರು. ನಮ್ಮ ಕಲಾಶಾಲೆಗಳಲ್ಲಿ ಇದನ್ನು ಗ್ರಾಫಿಕ್ ಕಲೆ ಎನ್ನುವುದು ರೂಢಿ. ಹೀಗೆ ತೆಗೆದ ಪ್ರತಿಯೊಂದೂ ಮೂಲ ಕೃತಿಯೇ. ತೈಲಚಿತ್ರದ ಫೋಟೊ ತೆಗೆದು ಮುದ್ರಿಸಿದ ಪೋಸ್ಟರ್ ಈ ವರ್ಗಕ್ಕೆ ಸೇರುವುದಿಲ್ಲ.

ಯುರೋಪಿನ ಅಚ್ಚಿನಲ್ಲಿ ಸಾವು

ಕಪಾಲಕ್ಕೂ ಅಚ್ಚಿಗೂ ನಂಟು ಹಳೆಯದು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1503ರಲ್ಲಿ ತಾಮ್ರದ ಫಲಕದ ಮೇಲೆ ಕೊರೆದ ಒಂದು ಚಿತ್ರದಲ್ಲಿ ಮನೆತನದ ಲಾಂಛನವಿರಬೇಕಾದ ಗುರಾಣಿಯ ಮೇಲೆ ದೊಡ್ಡ ತಲೆಬುರುಡೆಯೊಂದಿದೆ. ಅದರ ಹಿಂದೆ ಮದುವೆಯ ಕಿರೀಟ ತೊಟ್ಟ ಹೆಣ್ಣು, ಅವಳನ್ನು ಒಲಿಸಲು ಬಾಗಿದ ಕಾಡುಮನುಷ್ಯ ಇದ್ದಾರೆ. ಮದುವೆಯ ಸಂಭ್ರಮದ ಮುಂದೆ ಸಾವಿನ ಲಾಂಛನವನ್ನು ನಿಲ್ಲಿಸಿದ ಈ ಚಿತ್ರ ಇಂದಿಗೂ ಸಂಗ್ರಾಹಕರಿಗೆ ಪ್ರಿಯ.

ಅದಕ್ಕಿಂತ ಹೆಚ್ಚು ಜನರನ್ನು ತಲುಪಿದ್ದು ಹಾನ್ಸ್ ಹೋಲ್ಬೈನ್ ರಚಿಸಿದ 'ಸಾವಿನ ಕುಣಿತ' ಎಂಬ ಮರದಚ್ಚಿನ ಮಾಲೆ. ಅದು 1538ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಎಲುಬಿನ ಹಂದರವಾಗಿ ಬರುವ ಸಾವು ಅಲ್ಲಿ ಪೋಪನನ್ನೂ ಬಿಡುವುದಿಲ್ಲ, ಚಕ್ರವರ್ತಿಯನ್ನೂ ಬಿಡುವುದಿಲ್ಲ. ವ್ಯಾಪಾರಿಯನ್ನು ಅವನ ಸರಕಿನ ನಡುವಿನಿಂದ ಎಳೆಯುತ್ತದೆ, ಗುಡಿಸಲಿನ ಮಗುವನ್ನು ಕೈಹಿಡಿದು ಕರೆದೊಯ್ಯುತ್ತದೆ, ಮುದಿ ರೈತನ ನೇಗಿಲಿಗೆ ಕಟ್ಟಿದ ಕುದುರೆಗಳನ್ನು ತಾನೇ ಹೊಡೆಯುತ್ತದೆ. ಹೋಲ್ಬೈನ್‌ನ ರೇಖೆಗಳನ್ನು ಮರದಲ್ಲಿ ಕೊರೆದವನು ಹಾನ್ಸ್ ಲುಟ್ಸೆಲ್‌ಬರ್ಗರ್ ಎಂಬ ಕುಶಲಿ. ಮಾಲೆ ಪೂರ್ಣಗೊಳ್ಳುವ ಮೊದಲೇ, 1526ರಲ್ಲಿ, ಆತ ತೀರಿಕೊಂಡ. ಸಾವನ್ನು ಕೊರೆಯುತ್ತಿದ್ದವನ ಉಳಿಯನ್ನೂ ಅದೇ ಸಾವು ನಿಲ್ಲಿಸಿತು.

1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಆಂಡ್ರಿಯಾಸ್ ವೆಸಾಲಿಯಸ್‌ನ ಅಂಗರಚನಾ ಗ್ರಂಥದಲ್ಲಿ ಇನ್ನೊಂದು ಪ್ರಸಿದ್ಧ ಚಿತ್ರವಿದೆ. ಸಮಾಧಿಗೆ ಒರಗಿ ನಿಂತ ಅಸ್ಥಿಪಂಜರವೊಂದು ಮತ್ತೊಂದು ತಲೆಬುರುಡೆಯ ಮೇಲೆ ಕೈಯಿಟ್ಟು ಯೋಚಿಸುತ್ತಿದೆ. ಅದು ವೈದ್ಯ ವಿದ್ಯಾರ್ಥಿಗೆ ಪಾಠವೂ ಹೌದು, ಓದುಗನಿಗೆ ನೀತಿಯೂ ಹೌದು. 17ನೆಯ ಶತಮಾನದ ಡಚ್ ಚಿತ್ರಕಾರರು ಹೂವು, ಹಣ್ಣು, ಗಡಿಯಾರ, ಆರುತ್ತಿರುವ ಮೇಣದಬತ್ತಿಗಳ ಜೊತೆಗೆ ಕಪಾಲವನ್ನಿಟ್ಟು ಬರೆದ ಚಿತ್ರಗಳ ಸಂದೇಶವೂ ಇದೇ: ನೀನು ಸಾಯುವವನು, ಅದನ್ನು ಮರೆಯಬೇಡ.

ಕಾಸಿಗೊಂದು ಹಾಳೆ

ಯುರೋಪಿನಲ್ಲಿ ಉಪದೇಶಕನಾಗಿದ್ದ ಕಪಾಲವು ಮೆಕ್ಸಿಕೋದಲ್ಲಿ ನಗೆಗಾರನಾಯಿತು. ಹೋಸೆ ಗ್ವಾದಲೂಪೆ ಪೊಸಾದ ಎಂಬ ಅಚ್ಚುಗಾರ ಮೆಕ್ಸಿಕೋ ನಗರದ ಬೀದಿಗಳಲ್ಲಿ ಬಿಡಿಗಾಸಿಗೆ ಮಾರಾಟವಾಗುತ್ತಿದ್ದ ಹಾಳೆಗಳಿಗಾಗಿ ನೂರಾರು ಅಸ್ಥಿಪಂಜರಗಳನ್ನು ಬರೆದ. 1910ರ ಸುಮಾರಿಗೆ ಸತುವಿನ ಫಲಕದಲ್ಲಿ ಆತ ರಚಿಸಿದ ಅಗಲ ಟೋಪಿಯ ತಲೆಬುರುಡೆ, ಯುರೋಪಿನ ಫ್ಯಾಷನ್ನನ್ನು ಅನುಕರಿಸುತ್ತಿದ್ದ ಸ್ಥಳೀಯರ ಮೇಲಿನ ವಿಡಂಬನೆಯಾಗಿತ್ತು. 1913ರಲ್ಲಿ ಪೊಸಾದ ಬಡತನದಲ್ಲೇ ಸತ್ತ. 1920ರ ದಶಕದಲ್ಲಿ ಚಿತ್ರಕಾರ ಜೀನ್ ಶಾರ್ಲೋ ಆತನ ಕೆಲಸದತ್ತ ಕಲಾಲೋಕದ ಗಮನ ಸೆಳೆದರು. 1947ರಲ್ಲಿ ದಿಯೆಗೊ ರಿವೆರಾ ತಮ್ಮ ಭಿತ್ತಿಚಿತ್ರದಲ್ಲಿ ಆ ತಲೆಬುರುಡೆಗೆ ಮೈ, ಉಡುಗೆಗಳನ್ನು ಕೊಟ್ಟು ಅದನ್ನು ರಾಷ್ಟ್ರೀಯ ಸಂಕೇತದ ಮಟ್ಟಕ್ಕೆ ಏರಿಸಿದರು. ಓದಿ ಬಿಸಾಡಲೆಂದು ಅಚ್ಚಾದ ಹಾಳೆಗಳು ಇಂದು ವಸ್ತು ಸಂಗ್ರಹಾಲಯಗಳಲ್ಲಿವೆ. ಅಗ್ಗದ ಅಚ್ಚು ಅಮೂಲ್ಯವಾಗಲು ಎರಡು ತಲೆಮಾರು ಸಾಕು ಎಂಬುದಕ್ಕೆ ಇದು ನಿದರ್ಶನ.

ಕಪಾಲ ಹಿಡಿದ ದೇವರು

ಕಪಾಲದ ಚಿತ್ರವೆಂದರೆ ಪಶ್ಚಿಮದ ಆಮದು ಎಂದು ಭಾವಿಸುವವರು ಹಳೇಬೀಡು, ಬೇಲೂರುಗಳ ಗೋಡೆಗಳನ್ನು ಒಮ್ಮೆ ನೋಡಬೇಕು. ಹೊಯ್ಸಳ ಶಿಲ್ಪಿಗಳು 12ನೆಯ ಶತಮಾನದಲ್ಲಿ ಕಡೆದ ಭೈರವನು ಕೈಯಲ್ಲಿ ತ್ರಿಶೂಲ, ಡಮರು, ಕಪಾಲಗಳನ್ನು ಹಿಡಿದಿದ್ದಾನೆ. ಕೊರಳಿನಿಂದ ಮೊಣಕಾಲಿನವರೆಗೆ ತಲೆಗಳ ಮಾಲೆ ಇಳಿದಿದೆ. ಮೈಮೇಲೆ ಬಟ್ಟೆಯಿಲ್ಲ, ಹಾವುಗಳೇ ಆಭರಣ, ಕಾಲಲ್ಲಿ ಪಾದುಕೆ. ಮುಖದಲ್ಲಿ ಮಾತ್ರ ಭಯಂಕರತೆಗಿಂತ ಹೆಚ್ಚಾಗಿ ಗಾಂಭೀರ್ಯವಿದೆ.

ಇಲ್ಲಿ ಎರಡು ಪದಗಳ ವ್ಯತ್ಯಾಸ ಗಮನಿಸಬೇಕು. ಕಡಿದ ತಲೆಗಳ ಹಾರ 'ರುಂಡಮಾಲೆ' ಅಥವಾ 'ಮುಂಡಮಾಲೆ'. ಒಣಗಿದ ಬುರುಡೆಗಳ ಹಾರ 'ಕಪಾಲಮಾಲೆ'. ಮೊದಲನೆಯದರಲ್ಲಿ ಮುಖಗಳು ಇನ್ನೂ ಗುರುತಿಗೆ ಸಿಗುತ್ತವೆ. ಎರಡನೆಯದರಲ್ಲಿ ರಾಜನೂ ಆಳೂ ಒಂದೇ.

ಭೈರವನ ಕೈಯಲ್ಲಿರುವ ಕಪಾಲ ಬ್ರಹ್ಮನ ಐದನೆಯ ತಲೆಯದು ಎನ್ನುತ್ತದೆ ಪುರಾಣ. ಅದನ್ನು ಕಡಿದ ದೋಷಕ್ಕೆ ಆ ಬುರುಡೆ ಕೈಗೇ ಅಂಟಿಕೊಂಡಿತು. ಅದನ್ನೇ ಭಿಕ್ಷಾಪಾತ್ರೆಯಾಗಿ ಹಿಡಿದು ಲೋಕವೆಲ್ಲ ಅಲೆದ ಶಿವನು ಕೊನೆಗೆ ಕಾಶಿಯಲ್ಲಿ ಬಿಡುಗಡೆ ಹೊಂದಿದ. ಈ ಕಥೆಯಲ್ಲಿ ಕಪಾಲ 'ನೀನು ಸಾಯುವವನು' ಎಂದು ಹೇಳುವುದಿಲ್ಲ. ಮಾಡಿದ ಕೃತ್ಯದ ಭಾರವನ್ನು ಹೊತ್ತು ತಿರುಗುವುದನ್ನೂ, ಆ ಭಾರ ಒಂದು ದಿನ ಕಳಚುವುದನ್ನೂ ಅದು ಹೇಳುತ್ತದೆ. ಕಾಪಾಲಿಕರೆಂಬ ಶೈವ ಪಂಥದವರು ಈ ಕಪಾಲವ್ರತವನ್ನೇ ತಮ್ಮ ಆದರ್ಶವಾಗಿ ಇಟ್ಟುಕೊಂಡಿದ್ದರು. ಅವರೊಂದಿಗೆ ಆಗಾಗ ಹೆಸರಿಸಲಾಗುವ ಕಾಳಾಮುಖರು ಕರ್ನಾಟಕದಲ್ಲಿ ಪ್ರಬಲರಾಗಿದ್ದರು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಕೋಡಿಯ ಮಠ ಅವರ ದೊಡ್ಡ ವಿದ್ಯಾಕೇಂದ್ರವಾಗಿತ್ತೆಂಬುದನ್ನು ಶಾಸನಗಳು ತಿಳಿಸುತ್ತವೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ 19ನೆಯ ಶತಮಾನದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಸಚಿತ್ರ ಗ್ರಂಥವು ಒಂಬತ್ತು ನಿಧಿಗಳಾಗಿ ವಿಂಗಡಣೆಗೊಂಡಿದೆ. ದೇವತೆಗಳ ಉಗ್ರರೂಪಗಳಿಗೂ ಅದರಲ್ಲಿ ಸ್ಥಾನವಿದ್ದು, ಯಾವ ದೇವತೆ ಯಾವ ಕೈಯಲ್ಲಿ ಏನನ್ನು ಹಿಡಿಯಬೇಕೆಂಬ ಲಕ್ಷಣ ಅಲ್ಲಿ ನಿಗದಿಯಾಗಿದೆ. ಕಲಾವಿದನಿಗೆ ಕಪಾಲವು ಸ್ವೇಚ್ಛೆಯ ಅಲಂಕಾರವಾಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಮೈಸೂರು ಜಿಲ್ಲೆಯ ಬೈಲುಕುಪ್ಪೆಯ ಟಿಬೆಟನ್ ನೆಲೆಯಲ್ಲಿ ಇದೇ ಸಂಕೇತದ ಇನ್ನೊಂದು ಶಾಖೆ ಜೀವಂತವಾಗಿದೆ. ಟಿಬೆಟನ್ ಬೌದ್ಧ ಚಿತ್ರಗಳಲ್ಲಿ ಮಹಾಕಾಲನ ಕಿರೀಟದಲ್ಲಿ ಐದು ಕಪಾಲಗಳಿರುತ್ತವೆ. 'ಚಿತಿಪತಿ' ಎಂಬ ಜೋಡಿ ಅಸ್ಥಿಪಂಜರಗಳು ಸ್ಮಶಾನದಲ್ಲಿ ನರ್ತಿಸುತ್ತವೆ. ಅನಿತ್ಯತೆಯನ್ನು ಅರಿತವನ ಆನಂದ ಆ ನರ್ತನದ ಅರ್ಥ.

ಬುರುಡೆಯಿಲ್ಲದ ಸಾವು

ಬೆಂಗಳೂರು ದಕ್ಷಿಣದ ನೆಲದಲ್ಲೇ ಸಾವಿನ ಚಿತ್ರಣಕ್ಕೆ ಮೂರನೆಯ ಒಂದು ಮಾದರಿಯೂ ಇದೆ. ಬಿ.ಟಿ.ಎಂ. ಬಡಾವಣೆಯಿಂದ ದಕ್ಷಿಣಕ್ಕೆ ಹೋದರೆ ಸಿಗುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 900ರ ವೀರಗಲ್ಲು ಶಾಸನವಿದೆ. 'ಬೆಂಗಳೂರು' ಎಂಬ ಹೆಸರು ಕಾಣಿಸುವ ಪ್ರಾಚೀನ ದಾಖಲೆ ಅದೇ. ಎಂದರೆ ಈ ಊರಿನ ಹೆಸರು ಮೊದಲು ದೊರೆಯುವುದೇ ಒಂದು ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲಿನಲ್ಲಿ.

ವೀರಗಲ್ಲಿನ ಸಾಮಾನ್ಯ ವಿನ್ಯಾಸ ಮೂರು ಪಟ್ಟಿಕೆಗಳದು. ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಅಲ್ಲಿ ತಲೆಬುರುಡೆಗೆ ಜಾಗವಿಲ್ಲ. ಸಾವು ಮೇಲಕ್ಕೆ ಏರುವ ಪಯಣ. ಇಂಥ ಕಲ್ಲುಗಳ ಮೇಲೆ ಒದ್ದೆ ಕಾಗದ ಹೊದಿಸಿ, ಕುಂಚದಿಂದ ತಟ್ಟಿ, ಮಸಿ ಲೇಪಿಸಿ ತೆಗೆಯುವ ಶಾಸನದ ಪಡಿಯಚ್ಚು ಕೂಡ ಒಂದು ಬಗೆಯ ಅಚ್ಚುಚಿತ್ರವೇ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲಾಗಿತ್ತು.

ಮನೆಗೆ ಬಂದ ಕಾಳಿ

ದೇವಾಲಯದ ಗೋಡೆಯಲ್ಲಿದ್ದ ಕಪಾಲವನ್ನು ಕಾಗದದ ಮೇಲೆ ಸಾಮಾನ್ಯರ ಕೈಗೆ ತಂದುಕೊಟ್ಟಿದ್ದು 19ನೆಯ ಶತಮಾನದ ಕಲ್ಲಚ್ಚು. 1878ರಲ್ಲಿ ಆರಂಭವಾದ ಕಲ್ಕತ್ತಾ ಆರ್ಟ್ ಸ್ಟುಡಿಯೊ ಕಾಳಿಯ ಬಣ್ಣದ ಚಿತ್ರಗಳನ್ನು ಹೊರತಂದಿತು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದರು. ಅನಂತರ ಅದು ಲೋನಾವಳ ಬಳಿಯ ಮಳವಳಿಗೆ ಸ್ಥಳಾಂತರಗೊಂಡು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಕೈಸೇರಿತು. ಅಲ್ಲಿಂದ ಲಕ್ಷ್ಮಿ, ಸರಸ್ವತಿಯರ ಜೊತೆಗೆ ರುಂಡಮಾಲೆ ತೊಟ್ಟ ಕಾಳಿಯೂ ಅಚ್ಚಾಗಿ ಬಂದಳು. ಮೈಸೂರು ಅರಮನೆಗಾಗಿ ರವಿವರ್ಮ ಬರೆದ ತೈಲಚಿತ್ರಗಳನ್ನು ಜಗನ್ಮೋಹನ ಅರಮನೆಯಲ್ಲಿ ನೋಡುವ ಭಾಗ್ಯ ಕೆಲವರದಾದರೆ, ಓಲಿಯೋಗ್ರಾಫ್ ಎಂಬ ಮೆರುಗಿನ ಅಚ್ಚು ಮಾತ್ರ ಎಲ್ಲರ ಮನೆ ಸೇರಿತು.

ಆದರೆ ಕನ್ನಡ ಗೃಹಸ್ಥರ ಮನೆಗಳಲ್ಲಿ ಲಕ್ಷ್ಮಿಗೆ ಸಿಕ್ಕ ಗೋಡೆ ಕಾಳಿಗೆ ಸುಲಭವಾಗಿ ಸಿಗಲಿಲ್ಲ. ಉಗ್ರರೂಪಗಳಿಗೆ ಮಡಿ, ನಿಯಮ, ಪೂಜೆಗಳು ಕಟ್ಟುನಿಟ್ಟಾಗಿ ನಡೆಯಬೇಕು, ಅವು ಗುಡಿಯಲ್ಲಿದ್ದರೆ ಚೆನ್ನ ಎಂಬ ಭಾವನೆ ಇದಕ್ಕೆ ಕಾರಣ. ಕುರುಕ್ಷೇತ್ರದ ಯುದ್ಧದೃಶ್ಯವನ್ನೂ ಮನೆಯಲ್ಲಿ ತೂಗುಹಾಕಬಾರದೆನ್ನುವವರು ಇದ್ದಾರೆ. 1916ರಲ್ಲಿ ಕಲಬುರಗಿಯಲ್ಲಿ ಜನಿಸಿದ ಎಸ್.ಎಂ. ಪಂಡಿತ್ ಅವರ ಪೌರಾಣಿಕ ಚಿತ್ರಗಳು ಕ್ಯಾಲೆಂಡರುಗಳ ಮೂಲಕ ದೇಶದ ಮೂಲೆಮೂಲೆಗೆ ಹೋದಾಗಲೂ ಯಾವ ದೇವರು ಅಡುಗೆಮನೆಗೆ, ಯಾವುದು ಅಂಗಡಿಗೆ ಎಂಬ ವಿವೇಚನೆ ಜನರಲ್ಲಿ ಉಳಿದೇ ಇತ್ತು. ಹಾಗಾಗಿ 'ಬುರುಡೆಯ ಚಿತ್ರ ಮನೆಗೆ ಬೇಡ' ಎನ್ನುವ ಅಜ್ಜಿಯ ಮಾತಿನಲ್ಲಿ ಇರುವುದು ಬರಿಯ ಭಯವಲ್ಲ. ಚಿತ್ರಕ್ಕೆ ಶಕ್ತಿಯಿದೆ, ಅದಕ್ಕೆ ತಕ್ಕ ಸ್ಥಳ ಬೇಕು ಎಂಬ ತಿಳಿವಳಿಕೆ.

ಬೆಂಗಳೂರಿನವರೇ ಆದ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ 2000ದಿಂದ 2004ರವರೆಗೆ ನಡೆಸಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಯೋಜನೆಯಲ್ಲಿ ರವಿವರ್ಮನ ಲಕ್ಷ್ಮಿಯೂ ಸೇರಿದಂತೆ ಹಲವು ಜನಪ್ರಿಯ ಚಿತ್ರಗಳನ್ನು ತಾವೇ ವೇಷ ಧರಿಸಿ ಪುನಃಸೃಷ್ಟಿಸಿದರು. ಹಳೆಯ ಅಚ್ಚುಗಳು ನಮ್ಮ ಕಣ್ಣನ್ನು ಹೇಗೆ ರೂಪಿಸಿವೆ ಎಂಬ ಪ್ರಶ್ನೆಯನ್ನು ಆ ಕೃತಿಗಳು ಎತ್ತಿದವು.

ವಾರ್ಹಾಲ್‌ನಿಂದ ಹರ್ಸ್ಟ್‌ವರೆಗೆ

ಇಂದಿನ ಸಂಗ್ರಾಹಕರು ಅರಸುವ ಕಪಾಲದ ಅಚ್ಚುಗಳಿಗೆ ಅಮೆರಿಕದ ಆಂಡಿ ವಾರ್ಹಾಲ್ 1976ರಲ್ಲಿ ಮಾಡಿದ 'ಸ್ಕಲ್ಸ್' ಮಾಲೆ ಮುಖ್ಯ ಆಧಾರ. ಪ್ಯಾರಿಸ್ಸಿನ ಹಳೆಸಾಮಾನಿನ ಸಂತೆಯಲ್ಲಿ ಕೊಂಡ ಒಂದು ತಲೆಬುರುಡೆಯ ಫೋಟೊಗಳನ್ನು ಸಹಾಯಕನಿಂದ ತೆಗೆಸಿ, ಸಿಲ್ಕ್‌ಸ್ಕ್ರೀನ್ ವಿಧಾನದಲ್ಲಿ ಗಾಢ ಬಣ್ಣಗಳಲ್ಲಿ ಮುದ್ರಿಸಲಾಯಿತು. ವರ್ಣಚಿತ್ರಗಳಲ್ಲದೆ ನಾಲ್ಕು ಅಚ್ಚುಗಳ ಒಂದು ಸಂಪುಟವೂ ಹೊರಬಂತು. 1968ರಲ್ಲಿ ಗುಂಡೇಟು ತಿಂದು ಸಾವಿನ ಅಂಚಿನಿಂದ ಮರಳಿದ್ದ ವಾರ್ಹಾಲ್‌ಗೆ ಈ ವಸ್ತು ಕೇವಲ ಪುಸ್ತಕದ್ದಾಗಿರಲಿಲ್ಲ. ಹಣವಂತರ ಮುಖಗಳನ್ನು ಮುದ್ರಿಸಿ ಗಳಿಸುತ್ತಿದ್ದ ಆತನ ಕೈಯಲ್ಲಿ ಕಪಾಲವು ಎಲ್ಲರ ಭಾವಚಿತ್ರವಾಯಿತು.

2007ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಡೇಮಿಯನ್ ಹರ್ಸ್ಟ್ ಪ್ರದರ್ಶಿಸಿದ 'ಫಾರ್ ದ ಲವ್ ಆಫ್ ಗಾಡ್' ಇನ್ನೊಂದು ಘಟ್ಟ. 18ನೆಯ ಶತಮಾನದ ತಲೆಬುರುಡೆಯೊಂದರ ಪ್ಲಾಟಿನಂ ಎರಕಕ್ಕೆ 8,601 ವಜ್ರಗಳನ್ನು ಕೂರಿಸಲಾಗಿತ್ತು. ಹಲ್ಲುಗಳು ಮಾತ್ರ ನಿಜವಾದವು. 5 ಕೋಟಿ ಪೌಂಡ್ ಬೆಲೆ ಕೂಗಲಾಯಿತು, ಮಾರಾಟವಾಯಿತೆಂದೂ ಆಗ ಸುದ್ದಿಯಾಯಿತು. ಅದು ನಿಜವಾಗಿ ಮಾರಾಟವಾಗಿಯೇ ಇಲ್ಲವೆಂದು 2022ರಲ್ಲಿ ಹರ್ಸ್ಟ್ ಒಪ್ಪಿಕೊಂಡರು. ಆದರೆ ಅದೇ ಕಪಾಲದ ಸಿಲ್ಕ್‌ಸ್ಕ್ರೀನ್ ಅಚ್ಚುಗಳು, ಕೆಲವು ವಜ್ರದ ಪುಡಿ ಹೊತ್ತು, ಸಾಮಾನ್ಯ ಸಂಗ್ರಾಹಕರ ಕೈಸೇರಿದವು. ಮೂಲ ಕೃತಿ ಉಗ್ರಾಣದಲ್ಲಿ ಉಳಿಯಿತು, ಅದರ ಅಚ್ಚು ಲೋಕ ಸುತ್ತಿತು.

ಭಾರತದ ಸುಬೋಧ್ ಗುಪ್ತ 2006ರಲ್ಲಿ ರಚಿಸಿದ 'ವೆರಿ ಹಂಗ್ರಿ ಗಾಡ್' ಅಚ್ಚುಚಿತ್ರವಲ್ಲ, ಶಿಲ್ಪ. ಆದರೂ ಅದನ್ನು ಇಲ್ಲಿ ನೆನೆಯಬೇಕು. ಅಡುಗೆಮನೆಯ ಸ್ಟೀಲ್ ಪಾತ್ರೆಗಳನ್ನು ಜೋಡಿಸಿ ಮಾಡಿದ ಆ ಬೃಹತ್ ತಲೆಬುರುಡೆ ಮೊದಲು ಪ್ಯಾರಿಸ್ಸಿನ ಚರ್ಚೊಂದರಲ್ಲಿ, ಮರುವರ್ಷ ವೆನಿಸ್‌ನಲ್ಲಿ ಕಾಣಿಸಿಕೊಂಡಿತು. ಕಪಾಲವನ್ನು ಭಿಕ್ಷಾಪಾತ್ರೆಯೆಂದು ಬಲ್ಲ ನಾಡಿನವರಿಗೆ ಹಸಿವು, ಪಾತ್ರೆ, ಬುರುಡೆಗಳ ಈ ಕೂಡಿಕೆ ಹೊಸದೆನಿಸದು.

ಆವೃತ್ತಿ ಎಂಬ ಆಯುಷ್ಯ

ಅಚ್ಚುಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಬರೆದ 12/50 ಎಂಬಂಥ ಅಂಕಿ ಕಾಣುತ್ತದೆ. ಒಟ್ಟು 50 ಪ್ರತಿಗಳಲ್ಲಿ ಇದು ಹನ್ನೆರಡನೆಯದು ಎಂದು ಅದರ ಅರ್ಥ. ಕಲಾವಿದ ತನಗಾಗಿ ಇಟ್ಟುಕೊಳ್ಳುವ ಕೆಲವು ಪ್ರತಿಗಳ ಮೇಲೆ 'ಎ.ಪಿ.' ಎಂದಿರುತ್ತದೆ. ಡ್ಯೂರರ್ ಕಾಲದಲ್ಲಿ ಈ ಪದ್ಧತಿ ಇರಲಿಲ್ಲ. ಫಲಕ ಸವೆಯುವವರೆಗೂ ಮುದ್ರಿಸುತ್ತಿದ್ದರು. ರೆಂಬ್ರಾಂಟ್ ತೀರಿಕೊಂಡು ಶತಮಾನಗಳು ಕಳೆದ ಮೇಲೂ ಆತನ ತಾಮ್ರದ ಫಲಕಗಳಿಂದ ಪ್ರತಿಗಳು ಹೊರಬರುತ್ತಲೇ ಇದ್ದವು. ಅವುಗಳಲ್ಲಿ ಗೆರೆಗಳು ಮಸುಕು, ಬೆಲೆಯೂ ಕಡಿಮೆ.

ಇಂಥ ಗೊಂದಲ ತಪ್ಪಿಸಲು ನಿಗದಿತ ಸಂಖ್ಯೆಯ ಪ್ರತಿಗಳು ಮುಗಿದ ಮೇಲೆ ಫಲಕಕ್ಕೆ ಅಡ್ಡಗೆರೆ ಹೊಡೆಯುವುದು ಅಥವಾ ಜಾಲರಿಯನ್ನು ತೊಳೆದುಬಿಡುವುದು ರೂಢಿಗೆ ಬಂತು. ಅಂದಿನಿಂದ ಅಚ್ಚುಚಿತ್ರದ ಬೆಲೆ ನಿಂತಿರುವುದು ಫಲಕದ ಸಾವಿನ ಮೇಲೆ. ಮತ್ತೆಂದೂ ಹುಟ್ಟಲಾರದು ಎಂಬ ಖಾತರಿಯೇ ಅದರ ಮೌಲ್ಯ. ಕಪಾಲದ ಚಿತ್ರಕ್ಕೆ ಈ ಮಾಧ್ಯಮ ಇಷ್ಟು ಹೊಂದಿಕೊಂಡಿದ್ದಕ್ಕೆ ಇದೂ ಒಂದು ಕಾರಣ: ಚಿತ್ರ ಯಾವ ಮಿತಿಯನ್ನು ಹೇಳುತ್ತದೆಯೋ ಅದೇ ಮಿತಿಗೆ ಆ ಹಾಳೆಯೂ ಒಳಪಟ್ಟಿದೆ.

ಕೊಳ್ಳುವ ಮುನ್ನ

ಹೆಸರಾಂತ ಕಪಾಲಚಿತ್ರಗಳ ನಕಲುಗಳು ವಿಪುಲವಾಗಿ ಸಿಗುತ್ತವೆ. ಅವುಗಳನ್ನು ಗುರುತಿಸಲು ಕೆಲವು ಸರಳ ಪರೀಕ್ಷೆಗಳಿವೆ. ಭೂತಗನ್ನಡಿಯಲ್ಲಿ ನೋಡಿದಾಗ ಬಣ್ಣಗಳು ಹೂವಿನಂತೆ ಗುಂಪಾದ ಚುಕ್ಕೆಗಳಾಗಿ ಒಡೆದರೆ ಅದು ಆಫ್‌ಸೆಟ್ ಮುದ್ರಣದ ನಕಲು. ತಾಮ್ರ, ಸತುವಿನ ಫಲಕದಿಂದ ತೆಗೆದ ಎಚಿಂಗ್ ಆದರೆ ಚಿತ್ರದ ಸುತ್ತ ಫಲಕದ ಅಂಚು ಕಾಗದದಲ್ಲಿ ಒತ್ತಿ ಮೂಡಿರುತ್ತದೆ. ಸಿಲ್ಕ್‌ಸ್ಕ್ರೀನಿನ ಬಣ್ಣ ಕಾಗದದ ಮೇಲೆ ದಪ್ಪ ಪದರವಾಗಿ ಕೂರುತ್ತದೆ. ಸಹಿ ಪೆನ್ಸಿಲಿನದೋ, ಚಿತ್ರದೊಂದಿಗೇ ಅಚ್ಚಾದದ್ದೋ ನೋಡಬೇಕು.

ಉತ್ತಮ ಕಾಗದದ ಮೇಲೆ ಇಂಕ್‌ಜೆಟ್ ಯಂತ್ರದಿಂದ ತೆಗೆದ ಪ್ರತಿಗಳನ್ನು 'ಜಿಕ್ಲೇ' ಎನ್ನುತ್ತಾರೆ. ಕಲಾವಿದ ಅದನ್ನು ಹಾಗೆಂದೇ ಘೋಷಿಸಿ ಸಂಖ್ಯೆ ನಿಗದಿಪಡಿಸಿದ್ದರೆ ತಪ್ಪಿಲ್ಲ. ಎಚಿಂಗ್ ಬೆಲೆಗೆ ಮಾರಿದರೆ ಮೋಸ. ಹಳೆಯ ರವಿವರ್ಮ ಓಲಿಯೋಗ್ರಾಫ್ ಕೊಳ್ಳುವವರು ಕೆಳಅಂಚಿನ ಮುದ್ರಣಾಲಯದ ಹೆಸರು, ಮೆರುಗು, ಕಾಗದದ ವಯಸ್ಸುಗಳನ್ನು ಪರಿಶೀಲಿಸಬೇಕು. 1906ರಲ್ಲಿ ತೀರಿಕೊಂಡ ಕಲಾವಿದನ ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಮರುಮುದ್ರಣಗಳಿಗೆ ಲೆಕ್ಕವಿಲ್ಲ. ನೂರು ವರ್ಷ ದಾಟಿದ ಕಲಾವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ ಅನ್ವಯವಾಗುವುದರಿಂದ, ಅಜ್ಜನ ಕಾಲದ ಅಚ್ಚನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಮೊದಲು ವಿಚಾರಿಸುವುದು ಒಳ್ಳೆಯದು. ಮೂಲ ಅಚ್ಚುಚಿತ್ರಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ.

ಕಾಗದವೂ ಸಾಯುತ್ತದೆ

ಅಚ್ಚುಚಿತ್ರ ಬಹುಕಾಲ ಬಾಳಬೇಕಾದರೆ ಹತ್ತಿಯ ನಾರಿನಿಂದ ಮಾಡಿದ, ಆಮ್ಲರಹಿತ ಕಾಗದ ಬೇಕು. ಬಿಸಿಲು ಅದರ ಮೊದಲ ಶತ್ರು. ವಸ್ತು ಸಂಗ್ರಹಾಲಯಗಳು ಕಾಗದದ ಕೃತಿಗಳಿಗೆ ಸುಮಾರು 50 ಲಕ್ಸ್ ಬೆಳಕನ್ನಷ್ಟೇ ಬಿಡುತ್ತವೆ. ಮಳೆಗಾಲದ ತೇವ ಎರಡನೆಯದು. ಹೊರಗೋಡೆಗೆ ತೂಗುಹಾಕಿದ ಚಿತ್ರದಲ್ಲಿ ಕಂದು ಚುಕ್ಕೆಗಳು ಬೇಗ ಮೂಡುತ್ತವೆ. ಗೋಂದಿನ ಪಿಷ್ಟಕ್ಕಾಗಿ ಬರುವ ಬೆಳ್ಳಿಹುಳು ಮೂರನೆಯದು. ಅಗ್ಗದ ಹಾರ್ಡ್‌ಬೋರ್ಡ್ ಹಿಂಬದಿ ಹಾಕಿ, ಗಾಜಿಗೆ ಅಂಟುವಂತೆ ಕಟ್ಟು ಹಾಕಿಸಿದರೆ ಕೆಲವೇ ವರ್ಷಗಳಲ್ಲಿ ಕಾಗದ ಹಳದಿಗಟ್ಟುತ್ತದೆ. ಆಮ್ಲರಹಿತ ರಟ್ಟು ಬಳಸಿ, ಗಾಜಿಗೂ ಕಾಗದಕ್ಕೂ ನಡುವೆ ಅಂತರವಿಡಬೇಕು.

ಎಲ್ಲಿ ನೋಡಬಹುದು?

1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಅಚ್ಚುಚಿತ್ರ ಕಲೆಯ ಶಿಕ್ಷಣವಿದೆ. ಅದು 2003ರಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಆರಂಭಿಸಿದ ಚಿತ್ರಸಂತೆಯಲ್ಲಿ ಕೊಳ್ಳುವವರು ಕಲಾವಿದರನ್ನೇ ನೇರವಾಗಿ ವಿಚಾರಿಸಬಹುದು. 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಬೆಂಗಳೂರು ಕೇಂದ್ರ ಅರಮನೆ ರಸ್ತೆಯಲ್ಲಿದೆ. ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆದ ಮ್ಯಾಪ್ ಸಂಗ್ರಹಾಲಯದ ಬಳಿ ಜನಪ್ರಿಯ ಅಚ್ಚುಗಳ ದೊಡ್ಡ ಸಂಗ್ರಹವಿದೆ. ಇವೆಲ್ಲ ದಕ್ಷಿಣ ಬಡಾವಣೆಗಳ ಹೊರಗಿವೆ. ಆದರೆ ವೆಸಾಲಿಯಸ್‌ನ ಅಚ್ಚು ತೋರಿಸಿದ ಕಪಾಲದ ಒಳಗೆ ಏನಿರುತ್ತದೆಂದು ಅರಿಯಲು ಜಯನಗರದವರು ದೂರ ಹೋಗಬೇಕಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಾನವ ಮೆದುಳಿನ ಮಾದರಿಗಳ ಸಂಗ್ರಹಾಲಯವಿದೆ. ಸತ್ತವರ ಕುಟುಂಬಗಳು ಸಂಶೋಧನೆಗಾಗಿ ಮೆದುಳನ್ನು ದಾನ ಮಾಡುವ ವ್ಯವಸ್ಥೆಯೂ ಅಲ್ಲಿದೆ.

ಮನೆಯ ಗೋಡೆಯ ಪ್ರಶ್ನೆ

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋವಿಡ್ ಎರಡನೆಯ ಅಲೆಯ ವೇಳೆ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತವು. ಬನಶಂಕರಿ, ವಿಲ್ಸನ್ ಗಾರ್ಡನ್ ಚಿತಾಗಾರಗಳೂ ಇದಕ್ಕೆ ಹೊರತಾಗಿರಲಿಲ್ಲ. ಎಷ್ಟೋ ಮನೆಗಳವರು ತಮ್ಮವರ ಮುಖವನ್ನು ಕೊನೆಯ ಬಾರಿ ನೋಡಲಾಗಲಿಲ್ಲ, ಹೆಗಲು ಕೊಡಲಾಗಲಿಲ್ಲ. ಅಂಥ ಮನೆಯಲ್ಲಿ ಕಪಾಲದ ಚಿತ್ರವನ್ನು ಫ್ಯಾಷನ್ ಎಂದು ತೂಗುಹಾಕಿದರೆ ಅದು ನೋಯಿಸಬಹುದು. ಸಾವಿನ ಬಗ್ಗೆ ಮಾತನಾಡಲು ಮನೆಯವರಿಗೆ ಒಂದು ನೆಪವೂ ಆಗಬಹುದು. ಯಾವುದು ಆಗುತ್ತದೆಂಬುದು ಚಿತ್ರದ ಬೆಲೆಯಿಂದ ನಿರ್ಧಾರವಾಗುವುದಿಲ್ಲ.

ಆದ್ದರಿಂದ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದುದು ಇದು ಯಾವ ಕಪಾಲ ಎಂಬುದನ್ನು. ಹೋಲ್ಬೈನ್‌ನ ಉಪದೇಶವೋ, ಪೊಸಾದನ ನಗೆಯೋ, ಹರ್ಸ್ಟ್‌ನ ವಜ್ರದ ಹೊಳಪೋ, ಭೈರವನ ಭಿಕ್ಷಾಪಾತ್ರೆಯೋ? ಎರಡನೆಯದು, ಅದರೊಂದಿಗೆ ದಿನವೂ ಬಾಳಬೇಕಾದವರೆಲ್ಲರ ಒಪ್ಪಿಗೆ ಇದೆಯೇ ಎಂಬುದು. ಹಿರಿಯರಿಗೆ ಇಷ್ಟವಿಲ್ಲದಿದ್ದರೆ ಓದುವ ಕೋಣೆಯ ಗೋಡೆಯೋ, ಆಗಾಗ ತೆರೆದು ನೋಡುವ ಆಮ್ಲರಹಿತ ಕಾಗದದ ಕಡತವೋ ಸಾಕಾದೀತು. ಅಚ್ಚುಚಿತ್ರಗಳನ್ನು ಗೋಡೆಗೆ ಹಾಕದೆ ಕಡತದಲ್ಲಿಟ್ಟು ನೋಡುವುದು ಯುರೋಪಿನ ಹಳೆಯ ಸಂಗ್ರಾಹಕರ ಪದ್ಧತಿಯೂ ಆಗಿತ್ತು. ಬಿಸಿಲು, ತೇವಗಳಿಂದ ದೂರವಿರುವುದರಿಂದ ಅಲ್ಲಿ ಕಾಗದದ ಆಯುಷ್ಯವೂ ಹೆಚ್ಚು.